ಸಹಿ ಇಲ್ಲದ ಕರಪತ್ರ: ಚಳವಳಿ ಕಟ್ಟಿದ ಹೆಂಗಸರ ಹೆಸರನ್ನು ಎಲ್ಲಿ ಹುಡುಕಬೇಕು?

ಎಲ್ಲರಿಗೂ ನಮಸ್ಕಾರ.

ಚಳವಳಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೈಕಿನ ಮುಂದೆ ನಿಂತವರಿಂದ ಶುರು ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಭಾಷಣದ ಪ್ರತಿ ಸಿಗುತ್ತದೆ, ಫೋಟೊ ಸಿಗುತ್ತದೆ, ಮರುದಿನದ ಪತ್ರಿಕೆಯಲ್ಲಿ ಹೆಸರಿರುತ್ತದೆ. ಆ ಸಭೆಗೆ ಅಷ್ಟು ಜನ ಬಂದಿದ್ದು ಹೇಗೆ, ಯಾರು ಯಾರಿಗೆ ಹೇಳಿ ಕರೆಸಿದರು, ಹಾಲ್ ಬಾಡಿಗೆ ಯಾರು ಕಟ್ಟಿದರು ಎಂದು ಕೇಳಿದರೆ ದಾಖಲೆ ಅಷ್ಟು ಸಲೀಸಾಗಿ ಸಿಗುವುದಿಲ್ಲ. ತಳಮಟ್ಟದಲ್ಲಿ ಸಂಘಟನೆ ಮಾಡಿದ ಹೆಂಗಸರ ಹೆಸರು ಬಿಟ್ಟುಹೋಗುವುದು ಬಹುಪಾಲು ಇಲ್ಲೇ.

ಇದನ್ನು ಒಟ್ಟಾರೆಯಾಗಿ ಹೇಳುತ್ತಾ ಹೋದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಒಂದು ಚಳವಳಿಯನ್ನು ಬಿಚ್ಚಿ ನೋಡೋಣ. ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ 1955ರ ಡಿಸೆಂಬರ್ 5ರಂದು ಶುರುವಾಗಿ 381 ದಿನ ನಡೆದ ಬಸ್ ಬಹಿಷ್ಕಾರ ಅದು. ಎಲ್ಲರಿಗೂ ಗೊತ್ತಿರುವ ಕಥೆ ಇಷ್ಟು: ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸು, ದಣಿದ ದರ್ಜಿ, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ, ಬಂಧನವಾಯಿತು, ಮಾರ್ಟಿನ್ ಲೂಥರ್ ಕಿಂಗ್ ಎಂಬ 26 ವರ್ಷದ ಪಾದ್ರಿ ಮುಂದೆ ಬಂದರು, ಊರಿಗೆ ಊರೇ ನಡೆದು ಗೆದ್ದಿತು. ಇದರಲ್ಲಿ ಹಸಿ ಸುಳ್ಳು ಯಾವುದೂ ಇಲ್ಲ. ಆದರೆ ಡಿಸೆಂಬರ್ 1ರ ಗುರುವಾರ ಸಂಜೆ ಬಂಧನವಾಗಿ, ಸೋಮವಾರ ಬೆಳಗ್ಗೆ ಬಸ್ಸುಗಳು ಖಾಲಿ ಓಡಿದವು. ನಡುವೆ ಇದ್ದದ್ದು ಮೂರೇ ದಿನ. ಮೂರು ದಿನದಲ್ಲಿ ಹತ್ತಾರು ಸಾವಿರ ಜನರಿಗೆ ಸುದ್ದಿ ಮುಟ್ಟಿಸಿದ್ದು ಯಾರು?

ಅಲ್ಲಿ ಮಹಿಳಾ ರಾಜಕೀಯ ಮಂಡಳಿ ಎಂಬ ಸಂಘವೊಂದಿತ್ತು. 1946ರಲ್ಲಿ ಅದನ್ನು ಕಟ್ಟಿದವರು ಅಲಬಾಮ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಮೇರಿ ಫೇರ್ ಬರ್ಕ್ಸ್. ನಂತರ ಅದರ ಅಧ್ಯಕ್ಷೆಯಾದವರು ಅದೇ ವಿಭಾಗದ ಜೋ ಆನ್ ರಾಬಿನ್ಸನ್. ಮತದಾರರ ನೋಂದಣಿ ಮಾಡಿಸುವುದು, ಬಸ್ಸಿನಲ್ಲಿ ಅವಮಾನಕ್ಕೊಳಗಾದವರ ದೂರುಗಳನ್ನು ನಗರಸಭೆಗೆ ಒಯ್ಯುವುದು ಅದರ ನಿತ್ಯದ ಕೆಲಸ. 1955ರ ಹೊತ್ತಿಗೆ ನಗರದಲ್ಲಿ ಅದಕ್ಕೆ ಮೂರು ಶಾಖೆಗಳಿದ್ದವು.

ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲು, 1954ರ ಮೇ 21ರಂದು, ರಾಬಿನ್ಸನ್ ಮೇಯರ್ ಗೇಲ್‌ಗೆ ಒಂದು ಪತ್ರ ಬರೆದಿದ್ದಾರೆ. ಅದರಲ್ಲಿ ಮೂರು ಬೇಡಿಕೆ. ಕಪ್ಪು ಜನ ಹಿಂದಿನಿಂದ ಮುಂದಕ್ಕೆ, ಬಿಳಿಯರು ಮುಂದಿನಿಂದ ಹಿಂದಕ್ಕೆ ಸೀಟು ತುಂಬುವ ತನಕ ಕೂರುತ್ತಾ ಬರಬೇಕು. ಮುಂಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂಬಾಗಿಲಿನಿಂದ ಹತ್ತಿಸುವ ಪದ್ಧತಿ ನಿಲ್ಲಬೇಕು. ಬಿಳಿಯರ ಬಡಾವಣೆಗಳಲ್ಲಿ ಇರುವಂತೆ ಕಪ್ಪು ಜನರ ಬಡಾವಣೆಗಳಲ್ಲೂ ಪ್ರತಿ ಮೂಲೆಗೆ ಬಸ್ ನಿಲ್ಲಬೇಕು. ಬಸ್ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ, ಅವರು ಹತ್ತದಿದ್ದರೆ ಬಸ್ಸು ಓಡುವುದಿಲ್ಲ ಎಂದು ಬರೆದು, ಇಪ್ಪತ್ತೈದಕ್ಕೂ ಹೆಚ್ಚು ಸಂಘಗಳಲ್ಲಿ ಬಹಿಷ್ಕಾರದ ಮಾತು ನಡೆದಿದೆ ಎಂದೂ ಸೇರಿಸಿದ್ದಾರೆ. ಬಹಿಷ್ಕಾರ ಶುರುವಾದ ಮೇಲೆ ಅದನ್ನು ನಡೆಸಲು ಹುಟ್ಟಿದ ಹೊಸ ಸಂಘಟನೆ ಮುಂದಿಟ್ಟ ಬೇಡಿಕೆಗಳ ಪಕ್ಕದಲ್ಲಿ ಈ ಪತ್ರವನ್ನಿಟ್ಟು ಓದಿ. ಸೀಟಿನ ಬೇಡಿಕೆ ಅದೇ. ಸಂಶೋಧಕರಿಗೆ ನಾನು ಮೊದಲು ಹೇಳುವುದು ಇದನ್ನೇ: ಬೇಡಿಕೆ ಪತ್ರದ ಹಿಂದಿನ ಕರಡುಗಳನ್ನು ಹುಡುಕಿ. ಕೊನೆಯ ಪ್ರತಿಗೆ ಸಹಿ ಹಾಕಿದವರೂ ಮೊದಲ ಕರಡು ಬರೆದವರೂ ಒಬ್ಬರೇ ಆಗಿರುವುದು ಅಪರೂಪ.

ಇನ್ನು ಕರಪತ್ರದ ವಿಷಯ. ಗುರುವಾರ ರಾತ್ರಿ ವಕೀಲ ಫ್ರೆಡ್ ಗ್ರೇ ಜೊತೆ ಮಾತಾಡಿದ ಮೇಲೆ ರಾಬಿನ್ಸನ್ ಕಾಲೇಜಿಗೆ ಹೋದರು. ಸಹೋದ್ಯೋಗಿ ಜಾನ್ ಕ್ಯಾನನ್ ಅವರಿಗೆ ಸೈಕ್ಲೋಸ್ಟೈಲ್ ಯಂತ್ರವಿದ್ದ ಕೋಣೆಗೆ ಪ್ರವೇಶವಿತ್ತು. ಇಬ್ಬರು ವಿದ್ಯಾರ್ಥಿಗಳು ಸೇರಿಕೊಂಡರು. ಒಂದು ಹಾಳೆಯಲ್ಲಿ ಒಂದೇ ಒಕ್ಕಣೆ ಮೂರು ಸಲ ಬರುವಂತೆ ಸ್ಟೆನ್ಸಿಲ್ ಮಾಡಿದರು. ಅವರ ಲೆಕ್ಕದಂತೆ 35 ರೀಮು ಕಾಗದ ಖರ್ಚಾಯಿತು. ರೀಮಿಗೆ 500ರಂತೆ 17,500 ಹಾಳೆ, ಮೂರು ತುಂಡು ಮಾಡಿದರೆ 52,500 ಕರಪತ್ರ. ಅಚ್ಚು ಹಾಕಿದರಷ್ಟೇ ಸಾಲದು, ಕತ್ತರಿಸಬೇಕು, ಎಣಿಸಿ ಕಟ್ಟು ಕಟ್ಟಬೇಕು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅದು ಮುಗಿಯಿತು. ಏಳರ ತನಕ ಕೂತು ಹಂಚುವ ದಾರಿ ಗೊತ್ತು ಮಾಡಿದರು: ಯಾವ ಶಾಲೆಗೆ ಎಷ್ಟು, ಯಾವ ಅಂಗಡಿಗೆ, ಯಾವ ಬ್ಯೂಟಿ ಪಾರ್ಲರಿಗೆ, ಯಾವ ಕಾರ್ಖಾನೆಗೆ, ಅಲ್ಲಿ ಕಟ್ಟು ತೆಗೆದುಕೊಳ್ಳುವವರು ಯಾರು. ಎಂಟಕ್ಕೆ ರಾಬಿನ್ಸನ್‌ಗೆ ಪಾಠವಿತ್ತು, ಹೋಗಿ ಪಾಠ ಮಾಡಿದರು. ಪಾದ್ರಿಗಳು ಶುಕ್ರವಾರ ಸಂಜೆ ಚರ್ಚಿನಲ್ಲಿ ಸಭೆ ಸೇರುವ ಹೊತ್ತಿಗೆ ಕರಪತ್ರ ಮನೆಮನೆಗೆ ಹೋಗಿತ್ತು. ಬಹಿಷ್ಕಾರ ಬೇಕೋ ಬೇಡವೋ ಎಂದು ಚರ್ಚಿಸುವ ಅವಕಾಶ ಆ ಸಭೆಗೆ ಹೆಚ್ಚು ಉಳಿದಿರಲಿಲ್ಲ.

ಒಂದೇ ರಾತ್ರಿಯಲ್ಲಿ ಇದು ಹೇಗಾಯಿತು ಎಂದು ಆಶ್ಚರ್ಯಪಡುವುದಕ್ಕಿಂತ, ಒಂದೇ ರಾತ್ರಿಯಲ್ಲಿ ಆಗಲು ಮೊದಲೇ ಏನೇನು ತಯಾರಿರಬೇಕಿತ್ತು ಎಂದು ಕೇಳುವುದು ಉಪಯೋಗಕರ. ಹಂಚುವ ಜಾಲ ಮೊದಲೇ ಇತ್ತು. ಮಂಡಳಿಯ ಸದಸ್ಯರಲ್ಲಿ ಶಿಕ್ಷಕಿಯರಿದ್ದರು, ಪ್ರತಿ ಶಾಲೆಯಲ್ಲೂ ಪರಿಚಿತರಿದ್ದರು. ಕರಪತ್ರದ ಒಕ್ಕಣೆಯಲ್ಲೂ ಅನುಭವ ಕಾಣುತ್ತದೆ. ಅದೇ ವರ್ಷ ಮೊದಲೇ ಬಸ್ಸಿನಲ್ಲಿ ಸೀಟು ಬಿಡದೆ ಬಂಧನವಾಗಿದ್ದ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿಯ ಪ್ರಕರಣವನ್ನು ನೆನಪಿಸುತ್ತದೆ. ಸೋಮವಾರ ಒಂದು ದಿನ ಬಸ್ ಹತ್ತಬೇಡಿ ಎಂದಷ್ಟೇ ಕೇಳುತ್ತದೆ. ಕೆಲಸಕ್ಕೆ ಹೋಗುವವರು ಟ್ಯಾಕ್ಸಿ ಹಿಡಿಯಿರಿ ಅಥವಾ ನಡೆಯಿರಿ, ಒಂದು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಎನ್ನುತ್ತದೆ. ‘ಹೋರಾಡಿ’ ಎಂದು ಕೂಗಿ ಸುಮ್ಮನಾಗದೆ ಸೋಮವಾರ ಬೆಳಗ್ಗೆ ಏನು ಮಾಡಬೇಕೆಂದು ಹೇಳುವ ಒಕ್ಕಣೆ ಅದು.

ಆ ಕರಪತ್ರಕ್ಕೆ ಸಹಿ ಇಲ್ಲ. ರಾಬಿನ್ಸನ್ ಕೆಲಸ ಮಾಡುತ್ತಿದ್ದದ್ದು ಸರ್ಕಾರಿ ಹಣದಲ್ಲಿ ನಡೆಯುವ ಕಾಲೇಜಿನಲ್ಲಿ. ಹೆಸರು ಹೊರಬಿದ್ದರೆ ಅವರ ಕೆಲಸ ಮಾತ್ರವಲ್ಲ, ಕಾಲೇಜಿನ ಅನುದಾನಕ್ಕೇ ಕುತ್ತು. ಕಾಲೇಜಿನ ಅಧ್ಯಕ್ಷರು ಕರೆದು ಕೇಳಿದಾಗ ಬಳಸಿದ ಕಾಗದದ ದುಡ್ಡು ಕಟ್ಟಿಕೊಡುವುದಾಗಿ ಅವರು ಒಪ್ಪಿಕೊಳ್ಳಬೇಕಾಯಿತು. ಅವರ ನೆನಪುಗಳು ಪುಸ್ತಕವಾಗಿ ಬಂದದ್ದು 1987ರಲ್ಲಿ, ಘಟನೆಯಾಗಿ ಮೂವತ್ತೆರಡು ವರ್ಷಕ್ಕೆ. ದಾಖಲೆಯಲ್ಲಿ ಹೆಸರಿಲ್ಲದಿರುವುದನ್ನು ಹೆಂಗಸರ ಸಂಕೋಚ, ವಿನಯ ಎಂದು ಬರೆದುಬಿಡುವ ಚಾಳಿ ಬಹಳ ಇದೆ. ಎಷ್ಟೋ ಸಲ ಹೆಸರಿಲ್ಲದಿರುವುದು ಲೆಕ್ಕ ಹಾಕಿ ಮಾಡಿದ ನಿರ್ಧಾರ. ಅದನ್ನು ಹಾಗೆಂದೇ ಬರೆಯಬೇಕು.

ಇದಕ್ಕೆ ಇನ್ನೂ ಚೊಕ್ಕವಾದ ಉದಾಹರಣೆ ಜಾರ್ಜಿಯಾ ಗಿಲ್ಮೋರ್. ಆಕೆ ಅಡುಗೆ ಕೆಲಸದವರು. ಊಟ, ಕೇಕು ಮಾರಿ ಬಹಿಷ್ಕಾರಕ್ಕೆ ಹಣ ಕೂಡಿಸುವ ಒಂದು ಹೆಂಗಸರ ಗುಂಪನ್ನು ಕಟ್ಟಿದರು. ಗುಂಪಿನ ಹೆಸರೇ ‘ಎಲ್ಲಿಂದಲೂ ಅಲ್ಲದ ಕ್ಲಬ್ಬು’. ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ‘ಎಲ್ಲಿಂದಲೂ ಇಲ್ಲ’ ಎಂದು ಸುಳ್ಳಾಡದೆ ಹೇಳಬಹುದಿತ್ತು! ಬಿಳಿಯರ ಮನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಅನ್ನಕ್ಕೆ ಅದು ರಕ್ಷಣೆ. ಬಹಿಷ್ಕಾರ ನಡೆಸಿದ್ದಕ್ಕಾಗಿ 1956ರಲ್ಲಿ ಕಿಂಗ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಗಿಲ್ಮೋರ್ ಬಹಿರಂಗವಾಗಿ ಸಾಕ್ಷಿ ಹೇಳಿದರು, ಕೆಲಸ ಹೋಯಿತು. ಆಮೇಲೆ ಸ್ವಂತ ಮನೆಯಲ್ಲೇ ಅಡುಗೆ ಮಾಡಿ ಮಾರಿದರು.

ಹಣದ ಅಗತ್ಯ ಎಷ್ಟಿತ್ತು ಎಂದು ತಿಳಿಯಲು ಸಾರಿಗೆಯ ಕಡೆ ನೋಡಬೇಕು. ಮೊದಲ ದಿನಗಳಲ್ಲಿ ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರವಾದ 10 ಸೆಂಟಿಗೇ ಜನರನ್ನು ಒಯ್ದವು. ಕನಿಷ್ಠ 45 ಸೆಂಟು ವಸೂಲಿ ಮಾಡಲೇಬೇಕೆಂಬ ಹಳೆಯ ನಿಯಮವನ್ನು ಅಧಿಕಾರಿಗಳು ಹೊರತೆಗೆದದ್ದೇ ಆ ವ್ಯವಸ್ಥೆ ಕುಸಿಯಿತು. ಆಗ ಸುಮಾರು 300 ಖಾಸಗಿ ಕಾರುಗಳ ಸರದಿ ಏರ್ಪಾಡಾಯಿತು. ಪೆಟ್ರೋಲು, ಟೈರು, ವಿಮೆ, ಹತ್ತಿಸುವ ಇಳಿಸುವ ಜಾಗಗಳು, ಬೆಳಗಿನ ಪಾಳಿ, ಸಂಜೆಯ ಪಾಳಿ, ಇಷ್ಟನ್ನೂ ದಿನ ದಿನವೂ ಹೊಂದಿಸಬೇಕು. ಚಾಲಕರಲ್ಲಿ, ಕರೆ ತೆಗೆದುಕೊಳ್ಳುವವರಲ್ಲಿ, ಲೆಕ್ಕ ಬರೆಯುವವರಲ್ಲಿ ಹೆಂಗಸರು ತುಂಬ ಇದ್ದರು. ಬಹಿಷ್ಕಾರದ ಸುದ್ದಿಪತ್ರವನ್ನು ತಯಾರಿಸುತ್ತಿದ್ದವರೂ ರಾಬಿನ್ಸನ್ನೇ. ಭಾಷಣ ಒಂದು ಸಂಜೆಯದು, ಈ ಕೆಲಸ 381 ದಿನದ್ದು. ಶ್ರೇಯಸ್ಸು ಹಂಚುವಾಗ ಈ ಲೆಕ್ಕ ಯಾಕೆ ತಿರುವುಮುರುವಾಗುತ್ತದೆ ಎಂಬುದು ನನಗೆ ಇನ್ನೂ ಬಗೆಹರಿಯದ ಪ್ರಶ್ನೆಯಲ್ಲ: ಸಂಜೆಯ ಭಾಷಣಕ್ಕೆ ವರದಿಗಾರರು ಬರುತ್ತಾರೆ, ಬೆಳಗಿನ ಐದು ಗಂಟೆಯ ಕಾರಿನ ಸರದಿಗೆ ಬರುವುದಿಲ್ಲ.

ಬಸ್ಸಿನಲ್ಲಿ ಕಪ್ಪು ಜನರನ್ನು, ಬಿಳಿಯರನ್ನು ಬೇರೆ ಬೇರೆ ಕೂರಿಸುವ ಕಾನೂನು ಕೊನೆಗೆ ಬಿದ್ದದ್ದು ನ್ಯಾಯಾಲಯದಲ್ಲಿ. ಬ್ರೌಡರ್ ವಿರುದ್ಧ ಗೇಲ್ ಎಂಬ ಆ ಮೊಕದ್ದಮೆ 1956ರ ಫೆಬ್ರುವರಿ 1ರಂದು ದಾಖಲಾಯಿತು. ತೀರ್ಪಿನ ತನಕ ಗಟ್ಟಿಯಾಗಿ ನಿಂತ ಫಿರ್ಯಾದಿಗಳು ನಾಲ್ವರು, ನಾಲ್ವರೂ ಹೆಂಗಸರು: ಔರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲಾಡೆಟ್ ಕಾಲ್ವಿನ್, ಮೇರಿ ಲೂಯಿಸ್ ಸ್ಮಿತ್. ಕಾಲ್ವಿನ್‌ಗೆ ಬಂಧನದ ವೇಳೆ ಹದಿನೈದು ವರ್ಷ. ಅವಳ ಬಂಧನ ಪಾರ್ಕ್ಸ್ ಬಂಧನಕ್ಕಿಂತ ಒಂಬತ್ತು ತಿಂಗಳು ಮೊದಲಿನದು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಇವರ ಪರವಾದ ತೀರ್ಪನ್ನು ಎತ್ತಿಹಿಡಿಯಿತು. ಐದನೆಯವರು ಒಬ್ಬರಿದ್ದರು, ಒತ್ತಡಕ್ಕೆ ಸಿಕ್ಕಿ ಹೆಸರು ಹಿಂತೆಗೆದುಕೊಂಡರು. ಫಿರ್ಯಾದಿಯಾಗಿ ಹೆಸರು ಕೊಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತು ಎಂದು ಅದರಿಂದಲೇ ಊಹಿಸಬಹುದು.

ರೋಸಾ ಪಾರ್ಕ್ಸ್ ವಿಷಯದಲ್ಲಿ ಆಗಿರುವುದು ಬೇರೆ ರೀತಿಯ ಅನ್ಯಾಯ. ಹೆಸರು ಉಳಿಯಿತು, ಕೆಲಸ ಅಳಿಯಿತು. 1943ರಿಂದ ಆಕೆ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘದ ಸ್ಥಳೀಯ ಶಾಖೆಯ ಕಾರ್ಯದರ್ಶಿ. 1944ರಲ್ಲಿ ಅತ್ಯಾಚಾರಕ್ಕೊಳಗಾದ ರೀಸಿ ಟೇಲರ್ ಪರವಾಗಿ ಮಾಹಿತಿ ಕಲೆಹಾಕಿ ಜನಾಭಿಪ್ರಾಯ ಕಟ್ಟಿದವರು. 1955ರ ಬೇಸಿಗೆಯಲ್ಲಿ ಚಳವಳಿಗಾರರಿಗೆ ತರಬೇತಿ ಕೊಡುತ್ತಿದ್ದ ಹೈಲ್ಯಾಂಡರ್ ಶಾಲೆಯಲ್ಲಿ ಕಾರ್ಯಾಗಾರಕ್ಕೆ ಹೋಗಿಬಂದವರು. ಇಷ್ಟು ವರ್ಷದ ಸಂಘಟಕಿಯನ್ನು ‘ದಣಿದ ದರ್ಜಿ’ ಎಂದು ಬರೆದರೆ ಸಂಘಟನೆಯನ್ನು ಆಕಸ್ಮಿಕ ಮಾಡಿದ ಹಾಗೆ. ಆದ್ದರಿಂದ ಒಬ್ಬ ನಾಯಕನ ಜಾಗದಲ್ಲಿ ಒಬ್ಬ ನಾಯಕಿಯನ್ನು ಕೂರಿಸಿಬಿಟ್ಟರೆ ಲೋಪ ಸರಿಹೋಗುವುದಿಲ್ಲ.

ಇನ್ನೊಂದು ವಿಧಾನ ಗೌರವಾರ್ಪಣೆ. ಕಪ್ಪು ಜನರ ಹಕ್ಕುಗಳಿಗಾಗಿ 1963ರ ಆಗಸ್ಟ್ 28ರಂದು ನಡೆದ ವಾಷಿಂಗ್ಟನ್ ಮೆರವಣಿಗೆಯ ಸಂಘಟನಾ ಸಮಿತಿಯಲ್ಲಿ ಇದ್ದ ಒಬ್ಬಳೇ ಹೆಂಗಸು ಆನಾ ಆರ್ನಾಲ್ಡ್ ಹೆಜ್‌ಮನ್. ಭಾಷಣಕಾರರ ಪಟ್ಟಿಯಲ್ಲಿ ಹೆಂಗಸರಿಲ್ಲ ಎಂದು ಅವರು ಮೊದಲೇ ಬರೆದು ತಕರಾರು ಎತ್ತಿದರು. ಸಿಕ್ಕಿದ ಪರಿಹಾರವೆಂದರೆ ‘ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಕಪ್ಪು ಮಹಿಳೆಯರಿಗೆ ಗೌರವ’ ಎಂಬ ಸಣ್ಣ ಕಾರ್ಯಕ್ರಮ. ವೇದಿಕೆಯಿಂದ ಹೆಸರು ಕೂಗಿದರು, ಹೋರಾಟಗಾರ್ತಿ ಡೇಸಿ ಬೇಟ್ಸ್ ಕೆಲವು ಮಾತಾಡಿದರು, ಮುಖ್ಯ ಭಾಷಣಗಳೆಲ್ಲ ಗಂಡಸರದ್ದೇ. ಶಾಲು ಹೊದಿಸಿ ಮಾತಿನ ಸರದಿ ಕೊಡದಿರುವುದು ಎಲ್ಲ ಕಡೆ ಇರುವ ರೂಢಿ.

ಈಗ ಕೆಲಸದ ವಿಧಾನಕ್ಕೆ ಬರುತ್ತೇನೆ. ನೀವು ಯಾವುದೇ ಚಳವಳಿಯನ್ನು ದಾಖಲಿಸುವುದಾದರೆ ಮೊದಲು ಅದನ್ನು ಕೆಲಸಗಳಾಗಿ ಒಡೆಯಿರಿ: ಬೇಡಿಕೆ ಬರೆಯುವುದು, ಸುದ್ದಿ ಮುಟ್ಟಿಸುವುದು, ಜಾಗ ಮತ್ತು ಸಾರಿಗೆ, ಹಣ, ಊಟ, ಮಕ್ಕಳನ್ನು ನೋಡಿಕೊಳ್ಳುವುದು, ಮೊಕದ್ದಮೆ, ಬಂಧನವಾದವರ ಮನೆಯವರನ್ನು ನೋಡಿಕೊಳ್ಳುವುದು, ಕೊನೆಗೆ ಭಾಷಣ. ಪ್ರತಿ ಕೆಲಸದ ಎದುರು ಹೆಸರು ಬರೆಯಿರಿ. ಖಾಲಿ ಉಳಿದ ಸಾಲುಗಳೇ ನಿಮ್ಮ ಮುಂದಿನ ಸಂದರ್ಶನದ ಪಟ್ಟಿ.

ಸಂದರ್ಶನದಲ್ಲಿ ‘ನೀವು ನಾಯಕಿಯಾಗಿದ್ದಿರಾ?’ ಎಂದು ಕೇಳಲೇಬೇಡಿ. ‘ಅಯ್ಯೋ ಇಲ್ಲ, ಸುಮ್ಮನೆ ಜೊತೆಗಿದ್ದೆ’ ಎಂಬ ಉತ್ತರ ಬರುತ್ತದೆ, ಅದನ್ನೇ ನಂಬಿ ನೀವು ಎದ್ದು ಬರುತ್ತೀರಿ. ಆ ದಿನ ಎಷ್ಟು ಗಂಟೆಗೆ ಎದ್ದಿರಿ, ನಿಮಗೆ ಮೊದಲು ಹೇಳಿದವರು ಯಾರು, ನೀವು ಯಾರಿಗೆ ಹೇಳಿದಿರಿ, ಪಟ್ಟಿ ಯಾರ ಹತ್ತಿರ ಇತ್ತು, ಬೀಗದ ಕೈ ಯಾರ ಹತ್ತಿರ ಇತ್ತು ಎಂದು ಕೇಳಿ. ಜಾಲದ ನಕ್ಷೆ ತಾನಾಗಿ ಮೂಡುತ್ತದೆ. ಸಾಧ್ಯವಾದರೆ ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿ, ಒಬ್ಬರ ದಿನಾಂಕವನ್ನು ಇನ್ನೊಬ್ಬರು ತಿದ್ದುತ್ತಾರೆ. ಆದರೆ ಭಿನ್ನಾಭಿಪ್ರಾಯ, ಹಣದ ತಕರಾರು, ಕಿರುಕುಳದ ವಿಷಯ ಇದ್ದರೆ ಒಬ್ಬೊಬ್ಬರನ್ನೇ ಕೇಳಬೇಕು, ಗುಂಪಿನಲ್ಲಿ ಅದು ಹೊರಬರುವುದಿಲ್ಲ. ನೆನಪಿನ ದಿನಾಂಕಗಳನ್ನು ರಸೀದಿ, ಹಾಜರಿ ಪುಸ್ತಕ, ಪೊಲೀಸ್ ದಾಖಲೆಗಳ ಜೊತೆ ಹೋಲಿಸಿ ನೋಡಿ. ವಿಪರ್ಯಾಸವೆಂದರೆ ಹೆಂಗಸರ ಹೆಸರು ಪೂರ್ತಿಯಾಗಿ ಸಿಗುವುದು ಬಹಳ ಸಲ ಆರೋಪಪಟ್ಟಿಯಲ್ಲೇ.

ಹೆಸರಿನಲ್ಲೇ ಒಂದು ತೊಡಕಿದೆ. ಹಳೆಯ ಕಾಗದಗಳಲ್ಲಿ ಗಂಡನ ಹೆಸರಿನ ಮುಂದೆ ‘ಮಿಸೆಸ್’ ಎಂದಷ್ಟೇ ಇರುತ್ತದೆ. ಮಾಂಟ್‌ಗೊಮರಿಯ ಕಾಗದಗಳಲ್ಲಿ ‘ಮಿಸೆಸ್ ಎ. ಡಬ್ಲ್ಯು. ವೆಸ್ಟ್’ ಎಂದಿರುವವರು ಐರೀನ್ ವೆಸ್ಟ್. ಎರಡೂ ಹೆಸರಿಗೆ ಸೂಚಿ ಮಾಡದಿದ್ದರೆ ಒಬ್ಬಾಕೆ ಇಬ್ಬರಾಗುತ್ತಾರೆ, ಇಲ್ಲವೇ ಇಲ್ಲವಾಗುತ್ತಾರೆ. ಫೋಟೊಗಳಿಗೂ ಹಾಗೆಯೇ: ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ, ಅಂಚು ಕತ್ತರಿಸದ ಮೂಲ ಪ್ರತಿಯನ್ನು ಇಟ್ಟುಕೊಳ್ಳಿ. ಅಂಚಿನಲ್ಲಿ ನಿಂತವರೇ ಕತ್ತರಿಗೆ ಮೊದಲು ಸಿಗುವವರು.

ಈಗ ನಡೆಯುತ್ತಿರುವ ಚಳವಳಿಗಳಲ್ಲಿ ಇದ್ದರೆ ಸಭೆಯ ನಡಾವಳಿಯಲ್ಲಿ ‘ತೀರ್ಮಾನಿಸಲಾಯಿತು’ ಎಂದು ಬರೆಯುವುದನ್ನು ಬಿಡಿ. ಸೂಚಿಸಿದವರು ಯಾರು, ಕೆಲಸ ಒಪ್ಪಿಕೊಂಡವರು ಯಾರು, ಮುಗಿಸಿದವರು ಯಾರು ಎಂದು ಬರೆಯಿರಿ. ಪತ್ರಿಕೆಯವರ ಜೊತೆ ಮಾತಾಡುವ ಸರದಿಯನ್ನು ತಿರುಗಿಸಿ. ಹೆಂಗಸರು ಮಾಡುವ ಸಂಘಟನೆಯ ಕೆಲಸಕ್ಕೆ ಹುದ್ದೆಯ ಹೆಸರು ಮತ್ತು ಸಂಬಳ ಎರಡೂ ಇರಲಿ. ಎಲಾ ಬೇಕರ್ 1950ರ ದಶಕದ ಕೊನೆಗೆ ಕಿಂಗ್ ಅವರ ಸಂಘಟನೆಯ ಕಚೇರಿಯನ್ನು ನಡೆಸಿದರು, ಆದರೂ ಕಾರ್ಯನಿರ್ವಾಹಕ ನಿರ್ದೇಶಕಿಯ ಹುದ್ದೆ ಅವರಿಗೆ ‘ಹಂಗಾಮಿ’ಯಾಗಿಯೇ ಉಳಿಯಿತು.

ಹೆಸರು ಪ್ರಕಟಿಸುವ ಮುನ್ನ ಒಪ್ಪಿಗೆ ಬೇಕು, ಅದೂ ಒಂದೇ ಸಲದ ಒಪ್ಪಿಗೆ ಸಾಲದು. ಸೆಪ್ಟಿಮಾ ಕ್ಲಾರ್ಕ್ ಎಂಬ ಕಪ್ಪು ಶಿಕ್ಷಕಿ ತಾವು ಎನ್‌ಎಎಸಿಪಿ ಸದಸ್ಯೆ ಎಂಬುದನ್ನು ಮುಚ್ಚಿಡಲಿಲ್ಲ. ಅದಕ್ಕಾಗಿ 1956ರಲ್ಲಿ ಕೆಲಸ ಹೋಯಿತು, ಪಿಂಚಣಿ ಮರಳಿದ್ದು 1976ರಲ್ಲಿ. ಇಂಥ ಬೆಲೆಯನ್ನು ಯಾರ ಪರವಾಗಿಯೂ ನಾವು ಒಪ್ಪಿಕೊಳ್ಳುವಂತಿಲ್ಲ. ಒಪ್ಪಿಗೆ ಚೀಟಿಯಲ್ಲಿ ಮೂರು ಆಯ್ಕೆ ಇಡಿ: ಈಗಲೇ ಪೂರ್ತಿ ಹೆಸರು, ಈಗ ಗುಪ್ತನಾಮ ಮತ್ತು ಇಂಥ ವರ್ಷದ ನಂತರ ನಿಜ ಹೆಸರು, ಯಾವತ್ತೂ ಬೇಡ. ಎರಡನೆಯದನ್ನು ಆರಿಸಿದವರ ನಿಜ ಹೆಸರನ್ನು ಧ್ವನಿಮುದ್ರಿಕೆಯ ಜೊತೆ ಇಡದೆ ಬೇರೆ ಲಕೋಟೆಯಲ್ಲಿ, ಬೇರೆ ಜಾಗದಲ್ಲಿ, ತೆರೆಯುವ ವರ್ಷ ಬರೆದು ಇಡಬೇಕು. ಕೆಲಸದ ಸ್ಥಿತಿ, ಮನೆಯ ಸ್ಥಿತಿ ಬದಲಾಗುತ್ತಿರುತ್ತದೆ, ಹಾಗಾಗಿ ಅಚ್ಚಿಗೆ ಕಳಿಸುವ ಮುನ್ನ ಮತ್ತೊಮ್ಮೆ ಕೇಳಿ. ‘ಬೇಡ’ ಎಂದವರ ಕೆಲಸವನ್ನು ಮಾತ್ರ ಬಿಡಬೇಡಿ. ‘ಇದನ್ನು ಮಾಡಿದವರು ಹೆಸರು ಹೇಳಲು ಇಚ್ಛಿಸಿಲ್ಲ’ ಎಂಬ ಸಾಲು ಆ ಜಾಗದಲ್ಲಿ ಇರಲಿ. ಹಾಗೆ ಬರೆಯದಿದ್ದರೆ ಆ ಕೆಲಸವೂ ವೇದಿಕೆಯ ಮೇಲಿದ್ದವರ ಲೆಕ್ಕಕ್ಕೇ ಸೇರಿಕೊಳ್ಳುತ್ತದೆ.