ಸಾರಿನ ಕಲೆ ಕೆಂಪಾದ ದಿನ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಸಾಗರ, ಹೊಸನಗರದ ಕಡೆಯಿಂದೆಲ್ಲ ಶಿವಮೊಗ್ಗಕ್ಕೆ ಬಂದಿದ್ದೀರಿ. ಸುತ್ತಿ ಬಳಸಿ ಮಾತಾಡೋದು ಬೇಡ. ಅಕ್ಕನ ಮಗಳಿಗೆ ಆಮ್ಲ, ಪ್ರತ್ಯಾಮ್ಲ ಹೇಳಿಕೊಟ್ಟ ಕತೆ ಹೇಳುತ್ತೇನೆ. ನಾನು ಎಡವಿದ್ದೂ ಅದರಲ್ಲಿದೆ.

ಅವಳು ಏಳನೇ ಕ್ಲಾಸು. ತೀರ್ಥಹಳ್ಳಿ ಹತ್ತಿರ ಮನೆ. ಮೊದಲ ದಿನ ಜಗಲಿಯಲ್ಲಿ ಕೂರಿಸಿಕೊಂಡು ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು ಅಂತ ಬರೆಯುತ್ತಾ ಹೋದೆ. ಹತ್ತು ನಿಮಿಷಕ್ಕೆ ಅವಳ ಕಣ್ಣು ಅಂಗಳದ ಬೆಕ್ಕಿನ ಮೇಲಿತ್ತು. ನಾನಾದರೂ ಅಲ್ಲೇ ನೋಡುತ್ತಿದ್ದೆ ಬಿಡಿ.

ಮಾರನೇ ದಿನ ಅಕ್ಕ ಬಟ್ಟೆ ಒಗೆಯುತ್ತಿದ್ದಳು. ಹುಡುಗಿಯ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದ ಹಳದಿ ಕಲೆ. ಸೋಪು ತಿಕ್ಕಿದ್ದೇ ತಡ, ಕೆಂಪಾಯ್ತು.

"ಮಾವ, ಇದೇನು ರಕ್ತದ ಥರ?" ಅಂತ ಓಡಿಬಂದಳು.

ಉತ್ತರ ಹೇಳಲಿಲ್ಲ. ಅರ್ಧ ನಿಂಬೆಹಣ್ಣು ಕೊಟ್ಟು, ಅದರ ಮೇಲೆ ಹಿಂಡು ಅಂದೆ. ಹಳದಿ ವಾಪಸ್ ಬಂತು. ಮತ್ತೆ ಸೋಪು, ಮತ್ತೆ ಕೆಂಪು. ಏಳೆಂಟು ಸಲ ಆಡಿದಳು. ಕಲೆ ಮಾತ್ರ ಪೂರ್ತಿ ಹೋಗಲಿಲ್ಲ, ಅಕ್ಕನ ಬೈಗುಳ ನನಗೆ ಬಿತ್ತು. "ಈ ಬಣ್ಣ ಮೊದಲು ಎಲ್ಲಾದ್ರೂ ನೋಡಿದ್ದೀಯಾ?" ಅಂತ ಕೇಳಿದೆ. ತುಸು ಯೋಚಿಸಿ, "ಆರತಿ ತಟ್ಟೆಯಲ್ಲಿ!" ಅಂದಳು. ಹೌದಲ್ವಾ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರೆ ಓಕುಳಿ. ಸೋಪೂ ಸುಣ್ಣವೂ ಪ್ರತ್ಯಾಮ್ಲದ ಗುಣದವು. ಆ ಹೆಸರನ್ನು ಆಗ ಹೇಳಿದೆ, ಅದಕ್ಕೆ ಮೊದಲಲ್ಲ. ಹೆಸರು ಕೂರಲು ಒಂದು ಜಾಗ ಸಿಕ್ಕಿತ್ತು.

ಹುಳಿ ಅಂದರೆ ಆಮ್ಲ. ಹುಳಿ ಪದಾರ್ಥಗಳ ಪಟ್ಟಿ ಅವಳೇ ಮಾಡಿದಳು. ನಿಂಬೆ, ಹುಣಸೆ, ಮುರುಗಲು, ವಾಟೆ, ಅಪ್ಪೆಮಿಡಿ. ಕೊನೆಗೆ ಚಗಳಿ, ಅಂದರೆ ಕೆಂಪಿರುವೆಯ ಚಟ್ನಿ! ಕೆಂಪಿರುವೆಯಲ್ಲಿರುವುದು ಫಾರ್ಮಿಕ್ ಆಮ್ಲ. ಲ್ಯಾಟಿನ್‌ನಲ್ಲಿ ಫಾರ್ಮಿಕಾ ಅಂದರೆ ಇರುವೆ ಅಂತಲೇ ಅರ್ಥ.

ಆದರೆ ಅರಿಶಿನ ಅರ್ಧ ಮಾತು ಮಾತ್ರ ಆಡುತ್ತದೆ. ನಿಂಬೆರಸ ಹಾಕಿದರೂ ಹಳದಿ, ಬಾವಿ ನೀರು ಹಾಕಿದರೂ ಹಳದಿ. ಅದಕ್ಕೇ ಕೆಂಪು ದಾಸವಾಳ ಬೇಕು. ನಾಲ್ಕು ಹೂವಿನ ಎಸಳನ್ನು ಬಿಸಿನೀರಲ್ಲಿ ನೆನೆಹಾಕಿ. ನಿಂಬೆರಸ ಬಿದ್ದರೆ ಆ ನೀರು ಕಡುಗುಲಾಬಿ, ಸೋಪಿನ ನೀರು ಬಿದ್ದರೆ ಹಸಿರು.

ಇಲ್ಲಿ ಒಂದು ಎಡವಟ್ಟು. ಅಡುಗೆ ಸೋಡಾ ಪ್ರತ್ಯಾಮ್ಲದ ಗುಣದ್ದು ಅಂತ ಹೇಳಿಬಿಟ್ಟಿದ್ದೆ. ಅರಿಶಿನ ಬಳಿದ ಕಾಗದಕ್ಕೆ ಅದರ ನೀರು ಹಾಕಿದರೆ ಬಣ್ಣ ಹೌದೋ ಅಲ್ಲವೋ ಅನ್ನುವ ಹಾಗೆ ಸ್ವಲ್ಪ ಮಂಕಾಯಿತು, ಅಷ್ಟೇ. "ಸುಳ್ಳು ಹೇಳಿದ್ರಿ" ಅಂದಳು. ಸುಳ್ಳಲ್ಲ, ಆ ಸೋಡಾ ಮೆತ್ತಗಿನದು. ಹುಳಿ, ಪ್ರತ್ಯಾಮ್ಲ ಎಷ್ಟು ಖಡಕ್ಕು ಅಂತ ಅಳೆಯುವ ಪಿಎಚ್‌ನಲ್ಲಿ ಅದು ಸುಮಾರು 8. ಎರಡು ಚಮಚ ಸೋಡಾ ಬಾಣಲೆಗೆ ಹಾಕಿ ಒಂದು ಹತ್ತು ನಿಮಿಷ ಚೆನ್ನಾಗಿ ಹುರಿದೆವು. ನೀರಾವಿ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಉಳಿಯುವುದು ವಾಷಿಂಗ್ ಸೋಡಾ. ತಣಿದ ಮೇಲೆ ಅದನ್ನು ನೀರಲ್ಲಿ ಕದಡಿ ಕಾಗದಕ್ಕೆ ಹಾಕಿದರೆ ಢಾಳಾದ ಕೆಂಪು. ನನಗೆ ಆ ದಿನದ ಅತಿ ಚೆಂದದ ಪ್ರಯೋಗ ಇದೇ. ಪ್ರತ್ಯಾಮ್ಲದಲ್ಲೂ ಖಡಕ್ಕು, ಮೆತ್ತಗೆ ಅಂತ ಇದೆ ಅನ್ನುವುದು ಅವಳಿಗೆ ಹೊಳೆಯಿತು. ಆಗ ಪಿಎಚ್ ಅಳತೆ ಹೇಳಿದರೆ ಯಾರಿಗೂ ಭಾರವಾಗುವುದಿಲ್ಲ. ನಡುವೆ 7, ಕೆಳಗೆ ಹುಳಿ, ಮೇಲೆ ಪ್ರತ್ಯಾಮ್ಲ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. 1909ರಲ್ಲಿ ಇದನ್ನು ತಂದ ರಸಾಯನ ವಿಜ್ಞಾನಿ ಸೋರೆನ್ಸೆನ್ ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಮಕ್ಕಳಿಗೆ ಇದನ್ನು ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಸುಣ್ಣದ ವಿಷಯದಲ್ಲಿ ಮಾತ್ರ ಹುಷಾರು. ಎಲೆಅಡಿಕೆ ಡಬ್ಬಿಯದ್ದು ಕಡಲೆಕಾಳಿನಷ್ಟು ಸಾಕು, ಅದೇ ಕೈಯಲ್ಲಿ ಕಣ್ಣು ಮುಟ್ಟಬಾರದು. ನೀರು ಬಿದ್ದರೆ ಕುದಿಯುವ ಸುಟ್ಟ ಸುಣ್ಣ ಮಕ್ಕಳ ಕೈಗೆ ಬೇಡವೇ ಬೇಡ. ಕಕ್ಕಸು ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಅವೆರಡನ್ನೂ ಪಾಠದ ಹತ್ತಿರ ತರಬೇಡಿ.

ಅದೇ ವಾರ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ತಯಾರಿ. ನಿಮಗೆ ಗೊತ್ತಿರುವುದೇ: ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೇಜಿ ಸುಣ್ಣ, ಬೋರ್ಡೋ ದ್ರಾವಣ. ನಮ್ಮ ಅಡಿಕೆ ತೋಟಕ್ಕೆ ಇದನ್ನು ಕಲಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಮೈಲುತುತ್ತದ ನೀರು ಹುಳಿ ಗುಣದ್ದು. ಸುಣ್ಣ ಸಾಲದಿದ್ದರೆ ತಾಮ್ರ ನೀರಲ್ಲೇ ಕರಗಿ ಉಳಿದು ಎಳೆಕಾಯಿಯನ್ನು ಸುಡುತ್ತದೆ.

ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ದ್ರಾವಣದ ಡ್ರಮ್ಮಿನೊಳಗೆ ಕತ್ತಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದ. ಅಲಗಿನ ಮೇಲೆ ತೆಳ್ಳಗೆ ತಾಮ್ರದ ಕೆಂಪು ಕೂತಿತ್ತು.

"ಹುಳಿ ಇನ್ನೂ ಉಳಿದಿದೆ ಅಂತ ಅಲ್ವಾ?" ಅಂದಳು ಹುಡುಗಿ.

"ಹುಳಿಗಿಳಿ ನಂಗೆ ಗೊತ್ತಿಲ್ಲ ಅಮ್ಮಯ್ಯ. ಕತ್ತಿ ಕೆಂಪಾದ್ರೆ ಇನ್ನೊಂಚೂರು ಸುಣ್ಣ" ಅಂದ ಅವನು.

ಸುಣ್ಣದ ತಿಳಿ ಬಿತ್ತು. ಕತ್ತಿ ಉಜ್ಜಿ ಮತ್ತೆ ಅದ್ದಿದರು. ಈ ಸಲ ಅಲಗು ಹಾಗೇ ಬೆಳ್ಳಗೆ ಮೇಲೆ ಬಂತು. ಹುಡುಗಿ ಅರಿಶಿನದ ಕಾಗದ ತರಲು ಮನೆ ಕಡೆ ಓಡಿದಳು.