ಕೆರೆ ಏರಿ ಮೇಲಿನ ಸುದ್ದಿಗಾರರು

ಕೇಳುಗರಿಗೆ ನಮಸ್ಕಾರ.

1983ನೇ ಇಸವಿ, ಆಗಸ್ಟ್ ತಿಂಗಳು. ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ರೈತರು ಗುಂಪಾಗಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿದರು. ಅವರಲ್ಲಿ ಹೆಂಗಸರೂ ಇದ್ದರು. ಅಲ್ಲಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಸುಮ್ನೆ ಕಿತ್ತು ಮನೆಗೆ ಹೋಗಲಿಲ್ಲ. ಅದೇ ಜಾಗದಲ್ಲಿ ಹುಣಸೆ ಬೀಜ, ಮಾವಿನ ವಾಟೆ ಊರಿ ಬಂದರು.

ಅದರ ಮುಂದಿನ ತಿಂಗಳೇ, ಸೆಪ್ಟೆಂಬರ್ 8ರಂದು, ಶಿರಸಿ ಕಡೆಯ ಸಾಲ್ಕಣಿಯಲ್ಲಿ, ಮರಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆಯುವ ಅಪ್ಪಿಕೋ ಚಳವಳಿ ಶುರುವಾಯಿತು. ಅಪ್ಪಿಕೋ ಅಂದರೆ ಇವತ್ತು ಶಾಲೆ ಮಕ್ಕಳಿಗೂ ಗೊತ್ತು. ಆದರೆ ತುಮಕೂರಿನ ಆ ಹೆಂಗಸರು ಯಾರು? ಒಬ್ಬರ ಹೆಸರಾದರೂ ನಮಗೆ ಗೊತ್ತಾ? ಘಟನೆಯೇನೋ ಇಂಗ್ಲಿಷ್ ಪುಸ್ತಕಕ್ಕೆ ಹೋಗಿದೆ, ದೂರದ ದೇಶದವರೂ ಓದಿದ್ದಾರೆ. ನಾನು ಓದಿದ ಕಡೆಯೆಲ್ಲ 'ಹಳ್ಳಿಯ ರೈತ ಮಹಿಳೆಯರು' ಅಂತ ಇದೆ, ಅಷ್ಟೇ. ಶಿರಸಿಯ ಹೋರಾಟದ ಜೊತೆ ಬರೆಯುವವರೂ ಹೆಜ್ಜೆ ಹಾಕಿದರು. ನಮ್ಮಲ್ಲಿ ಹೋರಾಟಕ್ಕೆ ಕೊರತೆ ಇರಲಿಲ್ಲ, ಪಕ್ಕದಲ್ಲೇ ನಿಂತು ಬರೆದುಕೊಳ್ಳುವವರು ಸಾಕಷ್ಟು ಇರಲಿಲ್ಲ. ನನಗೆ ಇದು ಇವತ್ತಿಗೂ ನೋವಿನ ವಿಷಯ. ಅದಕ್ಕೇ ಈ ಬಯಲುಸೀಮೆಯಲ್ಲಿ ನೆಲ, ನೀರಿನ ಸುದ್ದಿ ಬರೆದವರ ಬಗ್ಗೆ ಇವತ್ತು ಮಾತಾಡುತ್ತೇನೆ.

ನೀಲಗಿರಿ ಮೇಲೆ ಅಷ್ಟೊಂದು ಸಿಟ್ಟು ಯಾಕೆ? ಆಗ ಸಾಮಾಜಿಕ ಅರಣ್ಯ ಅಂತ ಒಂದು ಯೋಜನೆ ಬಂದಿತ್ತು. ವಿಶ್ವಬ್ಯಾಂಕಿನ ಹಣವೂ ಇತ್ತು. ಹಳ್ಳಿಯವರಿಗೆ ಸೌದೆ ಸಿಗಲಿ, ದನಕ್ಕೆ ಮೇವು ಸಿಗಲಿ ಅಂತ ಹೇಳಿ ತಂದದ್ದು. ನಡೆದದ್ದೇ ಬೇರೆ. ಕೋಲಾರ ಜಿಲ್ಲೆಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳೇ ನೀಲಗಿರಿ ತೋಪಾದವು. ಮರ ಕಾರ್ಖಾನೆಗೆ ಹೋಯಿತು. ರಾಗಿ ಅಂದರೆ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ, ಊರಿಗೆಲ್ಲ ಕೂಲಿ. ದನಕ್ಕೆ ಹುಲ್ಲು. ನೀಲಗಿರಿಗೆ ಒಮ್ಮೆ ಸಸಿ ಊರಿದರೆ ಮುಗಿಯಿತು, ಕಡಿಯುವವರೆಗೆ ಯಾರಿಗೂ ಕೆಲಸವಿಲ್ಲ. ಅದರ ಎಲೆಗೆ ಆಡು ಕೂಡ ಬಾಯಿ ಹಾಕುವುದಿಲ್ಲ. ಜಮೀನಿನ ಒಡೆಯ ಬೆಂಗಳೂರಿನಲ್ಲಿದ್ದರೂ ತೋಪು ತಾನಾಗೇ ಬೆಳೆಯುತ್ತದೆ. ಮೊದಲು ಪೆಟ್ಟು ಬಿದ್ದದ್ದು ಕೂಲಿ ಹೆಂಗಸರಿಗೆ. ಬೇರು ನೀರು ಹೀರುವ ವಿಷಯ ಆಮೇಲಿನದು.

ಇನ್ನೊಂದು ಮಾತು. ಈ ಮರ ನಮ್ಮ ನಂದಿ ಬೆಟ್ಟದಿಂದಲೇ ದೇಶಕ್ಕೆಲ್ಲ ಹಬ್ಬಿತು. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ಅಲ್ಲಿ ನೆಡಿಸಿದ್ದು ಎನ್ನುತ್ತಾರೆ. 'ಮೈಸೂರು ಗಮ್' ಅಂತಲೇ ಆ ತಳಿಗೆ ಹೆಸರು.

ಹೊಸದಾಗಿ ನೀಲಗಿರಿ, ಅಕೇಶಿಯ ನೆಡಬಾರದು ಅಂತ ರಾಜ್ಯ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ನರ್ಸರಿಯ ಘಟನೆ ಆಗಿ 34 ವರ್ಷದ ಮೇಲೆ! ಅಲ್ಲಿಯವರೆಗೆ ವಿಷಯ ಸಾಯದಂತೆ ನೋಡಿಕೊಂಡವರು ಯಾರು? ರೈತ ಸಂಘದ ಕರಪತ್ರಗಳು, ವಾಚಕರ ವಾಣಿಗೆ ಪೋಸ್ಟ್ ಕಾರ್ಡ್ ಬರೆದ ಮೇಷ್ಟ್ರುಗಳು, ತಾಲ್ಲೂಕಿನ ಅರೆಕಾಲಿಕ ವರದಿಗಾರರು.

ಈ ತಾಲ್ಲೂಕು ವರದಿಗಾರರ ಬಗ್ಗೆ ಸ್ವಲ್ಪ ಹೇಳಲೇಬೇಕು. ಪತ್ರಿಕೆಯ ಪೂರ್ತಿ ಸಂಬಳ ಇಲ್ಲ. ಎಷ್ಟೋ ಜನಕ್ಕೆ ಅಚ್ಚಾದ ಸುದ್ದಿಯ ಅಳತೆ ನೋಡಿ ಸಂಭಾವನೆ. ಹೊಟ್ಟೆಪಾಡಿಗೆ ಅಂಗಡಿಯೋ, ಬೇಸಾಯವೋ, ಪತ್ರಿಕೆ ಏಜೆನ್ಸಿಯೋ ಇರುತ್ತಿತ್ತು. ಸಂಜೆ ಸುದ್ದಿ ಬರೆದು, ಕವರಿಗೆ ಹಾಕಿ ಬಸ್ ಸ್ಟ್ಯಾಂಡಿಗೆ ಓಡುವುದು. ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, 'ಅಣ್ಣಾ, ಮರೀಬೇಡಿ' ಅನ್ನುವುದು. ಬಸ್ ಕೆಟ್ಟರೆ ಸುದ್ದಿಯೂ ದಾರಿಯಲ್ಲೇ. ಫ್ಯಾಕ್ಸ್ ಬಂದದ್ದು ಆಮೇಲೆ.

ಇಂಥವರೇ ಫಿಲ್ಟರ್ ಮರಳಿನ ದಂಧೆಯನ್ನು ಬಯಲಿಗೆ ತಂದದ್ದು. ಪಾಲಾರ್, ಪಿನಾಕಿನಿಗಳ ಒಡಲಲ್ಲಿ ಮರಳು ಖಾಲಿಯಾದಾಗ ಕೆರೆ ಅಂಗಳದ ಮಣ್ಣಿಗೆ ಕೈ ಹಾಕಿದರು. ಗುಂಡಿ ತೋಡಿ, ಮಣ್ಣು ಸುರಿದು, ಬೋರ್‌ವೆಲ್ ನೀರು ಬಿಟ್ಟು ತೊಳೆಯುವುದು. ಜೇಡಿ ತೇಲಿ ಹೋಗುತ್ತದೆ, ತಳದಲ್ಲಿ ಮರಳು ನಿಲ್ಲುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಸೀಮೆಯಲ್ಲಿ ಮಣ್ಣು ತೊಳೆಯಲು ಅಂತರ್ಜಲ! ರಾತ್ರಿ ಲಾರಿಗಳ ನಂಬರ್ ಬರೆದುಕೊಂಡು, ಬೆಳಿಗ್ಗೆ ಅದೇ ಊರಲ್ಲಿ ತಲೆ ಎತ್ತಿ ಓಡಾಡಬೇಕು. ನಗರದಿಂದ ಬಂದು ಹೋಗುವ ವರದಿಗಾರನಿಗೆ ಈ ಕಷ್ಟ ಇಲ್ಲ. ಊರಿನ ಸುದ್ದಿಗಾರನಿಗೆ ಮರಳಿನವನೂ ನೆಂಟ, ಕೆರೆಯ ಅಚ್ಚುಕಟ್ಟಿನ ರೈತನೂ ನೆಂಟ. ಆದರೂ ಬರೆದರು. ಅವರಿಗೆ ಸಲ್ಲಬೇಕಾದ ಗೌರವ ನಾವಿನ್ನೂ ಸಲ್ಲಿಸಿಲ್ಲ.

ಈ ನಡುವೆ ಕರಾವಳಿ ಕಡೆಯಿಂದ ಒಂದು ಒಳ್ಳೆಯ ಗಾಳಿ ಬೀಸಿತು. 1988ರಲ್ಲಿ ಪುತ್ತೂರಿನಿಂದ ಅಡಿಕೆ ಪತ್ರಿಕೆ ಶುರುವಾಯಿತು. ಶ್ರೀ ಪಡ್ರೆಯವರು ಮತ್ತು ಗೆಳೆಯರು ಇಟ್ಟುಕೊಂಡ ಮಾತು 'ಕೃಷಿಕರ ಕೈಗೆ ಲೇಖನಿ'. ಬೇಸಾಯದ ಬಗ್ಗೆ ಬೇಸಾಯಗಾರನೇ ಬರೆಯಲಿ ಅನ್ನುವುದು ಅವರ ಆಸೆ. ಮಳೆನೀರು ಹಿಡಿಯುವ ವಿಚಾರ ಕನ್ನಡದಲ್ಲಿ ಮನೆಮಾತಾಗಲು ಪಡ್ರೆಯವರ ಬರಹ ಮಾಡಿದ ಕೆಲಸ ದೊಡ್ಡದು.

ಆದರೆ ಓದು ಬರಹ ಬಾರದವರು ಏನು ಮಾಡಬೇಕು? ಅದಕ್ಕೆ ಉತ್ತರ ಕೊಟ್ಟದ್ದು ನಮ್ಮ ಕೋಲಾರ ಜಿಲ್ಲೆ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು. ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯವರಿಗೆ ರೇಡಿಯೋ ನಡೆಸಲು ಲೈಸೆನ್ಸ್ ಇರಲಿಲ್ಲ. ಬೂದಿಕೋಟೆಯವರು ಕಾಯಲಿಲ್ಲ. ಮೊದಲು ಕಾರ್ಯಕ್ರಮ ರೆಕಾರ್ಡ್ ಮಾಡಿ ಜನರನ್ನು ಸೇರಿಸಿ ಕೇಳಿಸಿದರು. 2003ರಲ್ಲಿ ಕೇಬಲ್ ಟಿವಿಯ ತಂತಿಯಲ್ಲೇ ದನಿ ಕಳಿಸಿದರು. ಗಾಳಿಯಲ್ಲಿ ಬಿಟ್ಟರೆ ತಾನೇ ಲೈಸೆನ್ಸ್ ಬೇಕು? ತಂತಿಯಲ್ಲಿ ಹೋದರೆ? 'ನಮ್ಮ ಧ್ವನಿ' ಅಂತ ಹೆಸರಿಟ್ಟರು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಜೊತೆಗಿದ್ದವು, ಯುನೆಸ್ಕೋ ನೆರವಿತ್ತು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ಮೈಕ್ ಹಿಡಿದರು. ನೀರಿನ ತೊಂದರೆ, ಬೆಳೆಯ ರೋಗ, ಪಂಚಾಯಿತಿ ಮಾಡದ ಕೆಲಸ, ಎಲ್ಲ ಅವರದೇ ಮಾತಿನಲ್ಲಿ. ಸಂಘ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ಕೊನೆಗೆ. ಮೈಕ್ ಮುಂದೆ ಕೂತಿರುವ ನನಗೆ ಬೂದಿಕೋಟೆ ಅಂದರೆ ತುಂಬಾ ಹೆಮ್ಮೆ.

ಆಮೇಲಿನದು ನಿಮಗೆ ಗೊತ್ತಿರುವ ಕತೆ. ಶಾಶ್ವತ ನೀರಾವರಿಗಾಗಿ ವರ್ಷಗಟ್ಟಲೆ ಧರಣಿ. 2016ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಟ್ರ್ಯಾಕ್ಟರ್ ಸಾಲು. 2018ರಲ್ಲಿ ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಪೂಜೆ ಆಯಿತು, ಬಾಗಿನವೂ ಬಿತ್ತು. ಜುಲೈನಲ್ಲಿ ನೀರಿನ ಮೇಲೆ ನೊರೆ ಎದ್ದಿತು. ಆ ನೊರೆಯನ್ನು ಊರಿನ ಹುಡುಗರು ಮೊಬೈಲಿನಲ್ಲಿ ಹಿಡಿದರು, ಸ್ಥಳೀಯ ಪತ್ರಿಕೆಗಳು ಹಾಕಿದವು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಕೊನೆಗೆ ನೀರು ಮತ್ತೆ ಹರಿಯಿತು.

ಆ ನೀರಿನಿಂದ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ. ರೈತ ಟೊಮೆಟೊ ಬೆಳೆದದ್ದೂ ನಿಜ. ಎರಡೇ ಹಂತ ಶುದ್ಧ ಮಾಡಿದ ನೀರು ಕೆರೆ ಸೇರುತ್ತಿದೆ, ಮೂರನೇ ಹಂತ ಬೇಕು ಎಂಬ ಬೇಡಿಕೆ ಬಿಟ್ಟಿಲ್ಲ ಅನ್ನುವುದೂ ಅಷ್ಟೇ ನಿಜ. ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಸಾರಜನಕ, ರಂಜಕ ಪೂರ್ತಿ ಹೋಗಲು ಇನ್ನೂ ಒಂದು ಹಂತ ಬೇಕು. ಇದರಲ್ಲಿ ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಅದು ಸುದ್ದಿ ಆಗುವುದಿಲ್ಲ, ಪ್ರಚಾರ ಆಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ಎಷ್ಟೋ ವಿಡಿಯೋಗಳಿಗೆ ಯಾವ ಕೆರೆ, ಯಾವ ದಿನ ಅನ್ನುವುದೇ ಇರುವುದಿಲ್ಲ. ಕೋರ್ಟಿನಲ್ಲಿ ಅಂಥದ್ದು ನಿಲ್ಲುತ್ತದಾ? ಕೆರೆ ಏರಿ ಮೇಲೆ ನಿಂತು ಊರು, ತಾರೀಕು, ಹೊತ್ತು ಹೇಳಿ ತೆಗೆದ ಒಂದು ನಿಮಿಷದ ವಿಡಿಯೋಗೆ ಇರುವ ತೂಕವೇ ಬೇರೆ.

ಕಡೆಯದಾಗಿ ಒಂದು ಕೆಲಸ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿ ಪಕ್ಷಿ, ನಾಟಿ ತಳಿಗಳನ್ನೆಲ್ಲ ಬರೆದಿಡುವ ಒಂದು ದಾಖಲಾತಿ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ. ನಿಮ್ಮ ಊರಿನ ಕೆರೆ, ಗೋಮಾಳ, ಹುಣಸೆ ತೋಪು ಅದರಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ಹಿರಿಯರನ್ನು ಕೇಳಿಕೊಂಡು ಬರೆಸಿ. ಹೇಳಿದವರ ಹೆಸರು, ತಾರೀಕು ಎರಡನ್ನೂ ಬರೆಸಿ.

ನಮಸ್ಕಾರ.