ವಾಲ್ಡಿವಿಯಾದ ಹೆಣ್ಣುಗೊಂಬೆಗಳು

ಕೇಳುಗರಿಗೆ ನಮಸ್ಕಾರ. ದಕ್ಷಿಣ ಅಮೆರಿಕ ಎಂದ ಕೂಡಲೇ ಇಂಕಾ ಜನ, ಅವರ ಬಂಗಾರ ನೆನಪಾಗುತ್ತದೆ, ಅಲ್ವಾ? ಇವತ್ತು ಅವರಿಗಿಂತಲೂ ಸುಮಾರು 4000 ವರ್ಷ ಹಿಂದಕ್ಕೆ ಹೋಗೋಣ.

ಈಕ್ವೆಡಾರ್ ದೇಶದ ಕರಾವಳಿಯಲ್ಲಿ ವಾಲ್ಡಿವಿಯಾ ಎಂಬ ಮೀನುಗಾರರ ಊರಿದೆ. 1956ರಲ್ಲಿ ಆ ದೇಶದವರೇ ಆದ ಪುರಾತತ್ವಜ್ಞ ಎಮಿಲಿಯೋ ಎಸ್ಟ್ರಾಡಾ ಅಲ್ಲಿನ ಹಳೆಯ ನೆಲೆಯನ್ನು ಬೆಳಕಿಗೆ ತಂದರು. ಅಲ್ಲಿ ಸಿಕ್ಕಿದ್ದು ಸುಟ್ಟ ಮಣ್ಣಿನ ಹೆಣ್ಣುಗೊಂಬೆಗಳು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟವು. ಎದೆ ಎದ್ದು ಕಾಣುತ್ತದೆ ಎಂದು ಎಲ್ಲರೂ ‘ಫಲವತ್ತತೆಯ ದೇವತೆ’ ಎಂದುಬಿಡುತ್ತಾರೆ. ಸುಮ್ನೆ ಹಾಗೆ ಹೇಳಿ ಮುಂದೆ ಹೋಗಬೇಡಿ. ಕೂದಲು ನೋಡಿ!

ನನ್ನ ವಿದ್ಯಾರ್ಥಿಗಳಿಗೆ ನಾನು ಪಾಠಕ್ಕಿಂತ ಮೊದಲು ಜೇಡಿಮಣ್ಣು ಕೊಡುತ್ತೇನೆ. ಮಣ್ಣಿನ ಎರಡು ಸುರುಳಿ ಹೊಸೆಯಿರಿ, ಪಕ್ಕಪಕ್ಕ ಇಟ್ಟು ಒತ್ತಿ ಎನ್ನುತ್ತೇನೆ. ಆ ಜನ ಮಾಡಿದ್ದೂ ಹಾಗೆಯೇ. ಕೆಳಗೆ ಕಾಲು, ಮೇಲೆ ಮೈ, ಪಾದವೇ ಇಲ್ಲ. ಕಣ್ಣಿಗೆ, ಬಾಯಿಗೆ ಒಂದೊಂದು ಗೀರು. ಮಕ್ಕಳು ಇಷ್ಟನ್ನು ಬೇಗ ಮುಗಿಸಿ, ‘ಆಯ್ತು ಮೇಡಂ’ ಎನ್ನುತ್ತಾರೆ. ‘ಇನ್ನು ಕೂದಲು’ ಎನ್ನುತ್ತೇನೆ. ಅಲ್ಲಿಂದ ಶುರು ಕಷ್ಟ. ಕೂದಲಿಗೆ ಬೇರೆ ಮಣ್ಣು ತಟ್ಟಬೇಕು. ತಲೆಗೆ ಟೋಪಿಯ ಹಾಗೆ ಕೂರಿಸಬೇಕು. ಒಣಗುವ ಮೊದಲೇ ಕಡ್ಡಿಯಿಂದ ಎಳೆ ಎಳೆಯಾಗಿ ಗೆರೆ ಕೊರೆಯಬೇಕು. ಒಂದು ಗೊಂಬೆಗೆ ಹೆಗಲವರೆಗೆ ಇಳಿಬಿಟ್ಟ ಕೂದಲು, ಇನ್ನೊಂದಕ್ಕೆ ತಲೆಯ ಒಂದು ಭಾಗ ಬೋಳು. ಒಮ್ಮೆ ಒಬ್ಬ ಹುಡುಗಿ ಕಡ್ಡಿ ಕೆಳಗಿಟ್ಟು ಕೇಳಿದಳು: ‘ಮುಖಕ್ಕೆ ಇಲ್ಲದ ಕಾಳಜಿ ಕೂದಲಿಗೇಕೆ?’ ನಾನು ಕಾಯುತ್ತಿದ್ದ ಪ್ರಶ್ನೆ ಅದೇ!

ಕೋಸ್ಟಾಂಜಾ ಡಿ ಕಪುವಾ ಎಂಬ ವಿದ್ವಾಂಸೆ ಕೊಟ್ಟ ಉತ್ತರ ನನಗೆ ಒಪ್ಪಿಗೆ. ಹುಡುಗಿ ದೊಡ್ಡವಳಾಗುವ ಹಂತಗಳನ್ನು ಈ ಕೇಶವಿನ್ಯಾಸಗಳು ಹೇಳುತ್ತವೆ, ಆಗ ಮಾಡುವ ಶಾಸ್ತ್ರಕ್ಕೆಂದೇ ಈ ಗೊಂಬೆಗಳು ಎನ್ನುತ್ತಾರೆ ಅವರು. ಅಂದರೆ ಇವರು ದೇವತೆಯರಲ್ಲ, ಮನೆಯ ಹೆಣ್ಣುಮಕ್ಕಳು. ಅದಕ್ಕೇ ಗೊಂಬೆಗಳು ಜಾಸ್ತಿ ಸಿಗುವುದು ಮನೆಗಳ ಕಸದಲ್ಲಿ, ಅದೂ ಮುರಿದು. ಶಾಸ್ತ್ರ ಮುಗಿಯಿತು, ಗೊಂಬೆಯ ಕೆಲಸವೂ ಮುಗಿಯಿತು.

ಈ ಕುಂಬಾರಿಕೆ ಜಪಾನಿನಿಂದ ಬಂತು ಎಂದು ಎಸ್ಟ್ರಾಡಾ ಮತ್ತು ಅವರ ಅಮೆರಿಕನ್ ಸಹೋದ್ಯೋಗಿಗಳು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. ಬಿಡಿ, ಅದಕ್ಕೆ ಈಗ ಸಮಯವಿಲ್ಲ. ಎರಡು ತಲೆಯ ಗೊಂಬೆಗಳೂ ಇವೆ, ಅವುಗಳ ಮಾತು ಹಾಗೇ ಉಳಿಯಿತು. ಎಲ್ಲಾದರೂ ಇವುಗಳ ಚಿತ್ರ ಸಿಕ್ಕರೆ ಮುಖ ಆಮೇಲೆ, ಮೊದಲು ಕೂದಲು ನೋಡಿ. ನಮಸ್ಕಾರ.